ಶಾಲು ಹೊದಿಸಿದರೆ ಬುದ್ಧಿ ಬೆಳೆಯುವುದಿಲ್ಲ



ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಮುಂಬಯಿಯ ನಮ್ಮವರ ಸಂಘ ಸಂಸ್ಥೆಗಳಲ್ಲಿ ಒಂದು ಹಬ್ಬ ಸುರುವಾಗುತ್ತದೆ. ಅದರ ಹೆಸರು ‘ಪ್ರತಿಭಾ ಪುರಸ್ಕಾರ’. ಸಭಾಗೃಹಕ್ಕೆ ಬಾಡಿಗೆ, ವೇದಿಕೆಗೆ ಹೂವು, ಅತಿಥಿಗಳಿಗೆ ಶಾಲು, ಫಲ ತಾಂಬೂಲ. ಶೇಕಡಾ 90ಕ್ಕೆ ಮೇಲ್ಪಟ್ಟು ಅಂಕ ಪಡೆದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೊಂದು ಫಲಕ ಕೊಟ್ಟು, ಫೋಟೋ ತೆಗೆಸಿದರೆ ಆ ವರ್ಷದ ವಿದ್ಯಾಸೇವೆ ಮುಗಿಯಿತು. ಮಕ್ಕಳು ಗೆದ್ದರೆ ನಮಗೂ ಸಂತೋಷವೇ. ಆದರೆ ನಾವು ಕೇಳುವುದು ಒಂದೇ ಮಾತು: ಗೆದ್ದ ಕುದುರೆಗೆ ಹುಲ್ಲು ಹಾಕಲು ಬಂದ ಈ ಮಹನೀಯರು, ಅದು ಮರಿಯಾಗಿದ್ದಾಗ ಎಲ್ಲಿದ್ದರು?

ಹೀಗೆ ಕೇಳಿದರೆ ಸಿದ್ಧ ಉತ್ತರವೊಂದಿದೆ. “ಬುದ್ಧಿ ಇದ್ದವನು ಹೇಗೂ ಮೇಲೆ ಬರುತ್ತಾನೆ. ವಿಶ್ವೇಶ್ವರಯ್ಯನವರು ಬರಲಿಲ್ಲವೇ? ಅಂಬೇಡ್ಕರರು ಬರಲಿಲ್ಲವೇ?” ಸರಿ, ಆ ಇಬ್ಬರನ್ನೇ ನೋಡೋಣ.

ವಿಶ್ವೇಶ್ವರಯ್ಯನವರು 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆಯುತ್ತ 1881ರಲ್ಲಿ ಬಿ. ಎ. ಮಾಡಿದರು. ಬೀದಿದೀಪದ ಕತೆ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದನ್ನು ಹೇಳುವುದಿಲ್ಲ. ಮೈಸೂರು ಸರಕಾರ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಪುಣೆಯ ಕಾಲೇಜಿಗೆ ಕಳಿಸಿತು. ಆದುದರಿಂದಲೇ ಅವರು ಇಂಜಿನಿಯರಾದರು.

ಅಂಬೇಡ್ಕರರ ಮನೆ ಇದೇ ನಮ್ಮ ಪರೇಲಿನ ಚಾಳಿನಲ್ಲಿ ಒಂದೇ ಕೋಣೆ. ತಂದೆ ರಾಮಜಿ ಸಕ್ಪಾಲರು ಮಗನನ್ನು ಬೇಗ ಮಲಗಿಸಿ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಲು ಕೂರಿಸಿ, ಆ ಜಾಗದಲ್ಲಿ ತಾವು ಮಲಗುತ್ತಿದ್ದರು. ಪುಸ್ತಕ ಕೊಳ್ಳಲು ಮದುವೆಯಾದ ಹೆಣ್ಣುಮಕ್ಕಳ ಒಡವೆ ಒತ್ತೆಯಿಟ್ಟರು. ಮರಾಠಿ ಲೇಖಕರೂ ಉಪಾಧ್ಯಾಯರೂ ಆದ ಕೇಳುಸ್ಕರ ಗುರುಗಳು ಆ ಹುಡುಗನನ್ನು ಗುರುತಿಸಿ ಪುಸ್ತಕ ಕೊಟ್ಟರು. ಬರೋಡೆಯ ಮಹಾರಾಜರು ಹಣ ಕೊಟ್ಟ ಮೇಲೆ 1913ರಲ್ಲಿ ಅವರು ಅಮೆರಿಕೆಗೆ ಹೋದರು. ಜಾಗ ಬಿಟ್ಟುಕೊಟ್ಟ ತಂದೆ, ಗುರುತಿಸಿದ ಗುರು, ಹಣ ಕೊಟ್ಟ ಸಂಸ್ಥಾನ: ಈ ಮೂವರನ್ನು ಮರೆಮಾಡಿ ‘ತಾನಾಗಿ ಮೇಲೆ ಬಂದರು’ ಎನ್ನುವುದು ಸುಳ್ಳಲ್ಲದೆ ಮತ್ತೇನು?

ತಾನಾಗಿ ಬಿಟ್ಟರೆ ಏನಾಗುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಊರಿನ ಶಾಲೆಯಲ್ಲಿ ಲೆಕ್ಕದಲ್ಲಿ ಮೊದಲಿಗನಾಗಿದ್ದ ಹುಡುಗ ಇಲ್ಲಿ ಮಾಣಿಯಾಗಿ, ಹತ್ತು ಮೇಜಿನ ಬಿಲ್ಲನ್ನು ಕಾಗದವಿಲ್ಲದೆ ಬಾಯಲ್ಲೇ ಕೂಡಿಸುತ್ತಿದ್ದ. ಗಿರಾಕಿಗಳು “ಏನು ತಲೆಯಯ್ಯಾ!” ಎಂದು ಹೊಗಳಿ ಚಿಲ್ಲರೆ ಇಟ್ಟು ಹೋದರು. ಧಣಿಗಳು ಆ ತಲೆಯನ್ನು ಗಲ್ಲೆಗೆ ಉಪಯೋಗಿಸಿಕೊಂಡರು. ಅವನಂಥವರಲ್ಲಿ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳ ಮೆಟ್ಟಿಲು ಹತ್ತಿದವರು ಕೆಲವರು ದಡ ಸೇರಿದರು. ಉಳಿದವರ ಲೆಕ್ಕ ಬಟ್ಟಲು ಲೋಟಗಳ ಜೊತೆ ತೊಳೆದುಹೋಯಿತು. 14 ವರ್ಷದೊಳಗಿನ ಮಕ್ಕಳನ್ನು ಹೊಟೇಲು ಢಾಬಾಗಳಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. 2016ರ ತಿದ್ದುಪಡಿ ಅದನ್ನು ಎಲ್ಲ ಕಸಬುಗಳಿಗೂ ವಿಸ್ತರಿಸಿತು. ಆದರೆ ಶಾಲೆ ಬಿಟ್ಟ ಮೇಲೆ ಮನೆಯವರ ಕಸಬಿಗೆ ನೆರವಾಗಬಹುದೆಂಬ ಕಿಂಡಿಯನ್ನೂ ಇಟ್ಟಿತು. ಆ ಕಿಂಡಿಯಿಂದ ಎಷ್ಟು ಮಕ್ಕಳ ಸಂಜೆಗಳು ಸೋರುತ್ತಿವೆಯೆಂದು ನಮ್ಮ ಗಲ್ಲಿಗಳಲ್ಲಿ ಸುತ್ತಿದರೆ ಕಾಣುತ್ತದೆ.

ಬಡವರ ಮಕ್ಕಳಲ್ಲಿ ಬುದ್ಧಿ ಕಡಿಮೆ ಎಂದು ಇನ್ನೂ ಯಾರಾದರೂ ಅಂದರೆ ಇದೇ ನಗರದ ಒಂದು ಕೆಲಸವನ್ನು ತೋರಿಸುತ್ತೇವೆ. 1974ರಲ್ಲಿ ಆರಂಭವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ವಿ. ಜಿ. ಕುಲಕರ್ಣಿ ಮತ್ತು ಎಸ್. ಸಿ. ಅಗರ್ಕರ್ ಎಂಬವರು 1980ರ ದಶಕದಲ್ಲಿ ಮುನ್ಸಿಪಾಲಿಟಿ ಶಾಲೆಗಳ ಹಿಂದುಳಿದ ವರ್ಗದ ಮಕ್ಕಳನ್ನು ಆರಿಸಿ ವಿಶೇಷ ಪಾಠ ನಡೆಸಿದರು. ಅಡ್ಡಿ ಇದ್ದದ್ದು ಮಕ್ಕಳ ತಲೆಯಲ್ಲಲ್ಲ, ಬಹುಮಟ್ಟಿಗೆ ಪಾಠದ ಭಾಷೆಯಲ್ಲಿ. ಭಾಷೆಯನ್ನು ಸರಳ ಮಾಡಿ, ಮಕ್ಕಳನ್ನು ಮಾತಾಡಲು ಬಿಟ್ಟಾಗ ಫಲಿತಾಂಶ ಮೇಲೇರಿತು. ಮನೆಯಲ್ಲಿ ತುಳುವೋ ಕುಂದಗನ್ನಡವೋ, ಬೀದಿಯಲ್ಲಿ ಹಿಂದಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷು ಎಂಬ ನಮ್ಮ ಮಕ್ಕಳ ಪಾಡಿಗೆ ಇದಕ್ಕಿಂತ ಹತ್ತಿರದ ಪಾಠ ಬೇರಿಲ್ಲ.

ಇನ್ನು ಶಾಲೆಯ ಮಾತು. ಬುದ್ಧಿವಂತ ಮಗು ಯಾವಾಗಲೂ ಮೊದಲ ಬೆಂಚಿನಲ್ಲಿ ಕೈಕಟ್ಟಿ ಕೂರುವುದಿಲ್ಲ. ಗೊತ್ತಿರುವುದನ್ನೇ ಹತ್ತು ಸಲ ಬರೆಸಿದರೆ ಅದಕ್ಕೆ ಬೇಸರ ಬರುತ್ತದೆ. ಕಿಟಕಿ ನೋಡುತ್ತದೆ, ಪಕ್ಕದವನನ್ನು ಚಿವುಟುತ್ತದೆ. ಮಾಸ್ತರರು ‘ತುಂಟ’ ಎಂದು ಹಣೆಪಟ್ಟಿ ಅಂಟಿಸುತ್ತಾರೆ. ಗುರುತಿಸಿದರೂ ಮಾಡುವುದೇನು? ಮಾನಿಟರ್ ಮಾಡಿ, ಗಲಾಟೆ ಮಾಡಿದವರ ಹೆಸರು ಬರೆಸುವುದು. ಆ ಮಗುವಿಗೆ ಬೇಕಾದದ್ದು ಪೊಲೀಸನ ಕೆಲಸವಲ್ಲ, ಇನ್ನೊಂದು ಕಷ್ಟದ ಲೆಕ್ಕ, ಮುಂದಿನ ತರಗತಿಯ ಒಂದು ಪುಸ್ತಕ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಭೆಯುಳ್ಳ ಮಕ್ಕಳಿಗೆ ವಿಶೇಷ ಬೆಂಬಲ ಬೇಕೆಂದು ಬರೆದಿದೆ. ಬರೆದದ್ದು ಸರಿ. ಒಬ್ಬ ಮಾಸ್ತರರಿಗೆ ಎರಡು ತರಗತಿ ಕೊಟ್ಟರೆ ಆ ಬೆಂಬಲವನ್ನು ಯಾರು ಕೊಡಬೇಕು?

ಮನೆಯಲ್ಲಿಯೂ ಹಣವಿಲ್ಲದೆ ಆಗುವ ಕೆಲಸಗಳಿವೆ. ಮಗು ‘ಏಕೆ’ ಎಂದು ಕೇಳಿದರೆ ‘ಅಧಿಕಪ್ರಸಂಗಿ’ ಎಂದು ಗದರಬೇಡಿ. ಗೊತ್ತಿಲ್ಲವಾದರೆ ‘ನಾಳೆ ಟೀಚರನ್ನು ಕೇಳಿ ಬಂದು ನನಗೂ ಹೇಳು’ ಎನ್ನಿ. ಸಂಜೆ ಒಂದು ಗಂಟೆ ಟಿವಿ, ಮೊಬೈಲು ನಿಲ್ಲಲಿ. ಹುಡುಗ ಓದುತ್ತಿರುವಾಗ ಅವನಿಗಿಂತ ಚುರುಕಾದ ಅಕ್ಕನನ್ನು ಪಾತ್ರೆಗೆ ಅಟ್ಟುವ ಪದ್ಧತಿ ಸಾಯಲಿ. ಪಕ್ಕದ ಮನೆಯವರ ಮುಂದೆ ಮಗುವನ್ನು ನಿಲ್ಲಿಸಿ ಮಗ್ಗಿ ಹೇಳಿಸಿ ಮೆರೆಯುವುದೂ ಬೇಡ; ಅದು ಸರ್ಕಸ್ಸಿನ ಪ್ರಾಣಿಯಲ್ಲ.

ಸರಕಾರದ ಬಾಗಿಲುಗಳು ಅಲ್ಲಿಷ್ಟು ಇಲ್ಲಿಷ್ಟು ತೆರೆದಿವೆ. 1963ರಲ್ಲಿ ದಿಲ್ಲಿಯಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆಯನ್ನು 2021ರ ಬಳಿಕ ತಡೆಹಿಡಿದರು. ಆದರೆ 2008ರಲ್ಲಿ ಬಂದ ರಾಷ್ಟ್ರೀಯ ಮೀನ್ಸ್ ಕಮ್ ಮೆರಿಟ್ ವಿದ್ಯಾರ್ಥಿವೇತನವಿದೆ. ಎಂಟನೆಯ ತರಗತಿಯಲ್ಲಿ ಪರೀಕ್ಷೆ. ಗೆದ್ದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು. ಮುಖ್ಯವಾಗಿ, ಇದು ಸರಕಾರಿ, ಮುನ್ಸಿಪಾಲಿಟಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಸಾಲ ಮಾಡಿ ಮಗುವನ್ನು ಅನುದಾನವಿಲ್ಲದ ಖಾಸಗಿ ಶಾಲೆಗೆ ಹಾಕಿದರೆ ಆ ಬಾಗಿಲು ಮುಚ್ಚಿತೆಂದು ತಿಳಿಯಿರಿ.

ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರಿಗೆ ಇನ್ನೊಂದು ಮಾತು. ಜವಾಹರ ನವೋದಯ ವಿದ್ಯಾಲಯಗಳಲ್ಲಿ ಆರನೆಯ ತರಗತಿಯಿಂದ ಊಟ, ವಸತಿ, ಪುಸ್ತಕ ಉಚಿತ. ಕಡಿಮೆಯೆಂದರೆ ಶೇಕಡಾ 75 ಸ್ಥಾನ ಹಳ್ಳಿಯ ಮಕ್ಕಳಿಗೆ. ಉಡುಪಿ ಜಿಲ್ಲೆಯ ಚಾರದಲ್ಲೂ ದಕ್ಷಿಣ ಕನ್ನಡದ ಮುಡಿಪುವಿನಲ್ಲೂ ಇವೆ. ಐದನೆಯ ತರಗತಿಯನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಪರೀಕ್ಷೆಗೆ ಕೂರಲು ಒಂದೇ ಅವಕಾಶ. ಆ ವರ್ಷ ತಪ್ಪಿದರೆ ಮತ್ತೆ ಬರುವುದಿಲ್ಲ.

“ಸಂಘ ಪಗಾರದ ಮಾತಾಡಲಿ, ಪಾಠದ ಮಾತು ಏಕೆ?” ಎನ್ನುವವರಿದ್ದಾರೆ. ಹನ್ನೆರಡು ಗಂಟೆ ದುಡಿದು ಬರುವ ತಂದೆ ಮಗುವನ್ನು ಕಾಣುವುದು ಮಲಗಿದಾಗ ಮಾತ್ರ. ಅವನು ಯಾವ ‘ಏಕೆ’ಗೆ ಉತ್ತರ ಹೇಳಬೇಕು? ಎಂಟು ಗಂಟೆಯ ಕೆಲಸ, ವಾರದ ರಜೆ ಇವು ಮಕ್ಕಳ ವಿದ್ಯೆಯ ಬೇಡಿಕೆಗಳೂ ಹೌದು. “ಹಾಗಾದರೆ ಸಾಧಾರಣ ಮಕ್ಕಳು ಬೇಡವೇ?” ಎಂಬವರಿಗೂ ಹೇಳುತ್ತೇವೆ: ಒಳ್ಳೆಯ ಶಾಲೆ ಎಲ್ಲರಿಗೂ ಬೇಕು. ಆದರೆ ಓಡಬಲ್ಲವನ ಕಾಲು ಕಟ್ಟಿದರೆ ನಡೆಯುವವನಿಗೆ ಲಾಭವಿಲ್ಲ.

ಆದುದರಿಂದ ಬರುವ ಮಹಾಸಭೆಯಲ್ಲಿ ನಾವು ಇಡುವ ಬೇಡಿಕೆಗಳು:

1. ಶಾಲು, ಫಲಕ, ಸಭಾಗೃಹದ ಖರ್ಚನ್ನು ಅರ್ಧಕ್ಕಿಳಿಸಿ, ಉಳಿದದ್ದನ್ನು ಐದರಿಂದ ಎಂಟನೆಯ ತರಗತಿಯ ಮಕ್ಕಳ ಪುಸ್ತಕಕ್ಕೆ ಕೊಡಬೇಕು.

2. ಸಂಘದ ಕೋಣೆ ಸಂಜೆ ಏಳರಿಂದ ಹತ್ತರವರೆಗೆ ಓದುವ ಮಕ್ಕಳಿಗೆ ತೆರೆದಿರಬೇಕು. ಆ ಹೊತ್ತಿನಲ್ಲಿ ಇಸ್ಪೀಟು ಬೇಡ.

3. ವಿದ್ಯಾರ್ಥಿವೇತನ ಮತ್ತು ನವೋದಯದ ಅರ್ಜಿ ತುಂಬಿಸಲು, ಆದಾಯ ಪತ್ರ ಮಾಡಿಸಲು ಓದಿದ ಇಬ್ಬರು ಯುವಕರನ್ನು ನೇಮಿಸಬೇಕು.

4. ಆರಿಸಿದ ಮಕ್ಕಳಲ್ಲಿ ಅರ್ಧದಷ್ಟು ಹುಡುಗಿಯರಿರಬೇಕು.

ನಮ್ಮಲ್ಲಿ ಹೆಚ್ಚಿನವರು ಏಳೆಂಟನೆಯ ತರಗತಿ ದಾಟಿದವರಲ್ಲ. ಆದರೆ ಯಾವ ಹಾಲಿಗೆ ಯಾವಾಗ ಹೆಪ್ಪು ಹಾಕಬೇಕೆಂದು ನಮಗೆ ಗೊತ್ತು. ಒಡೆದ ಮೇಲೆ ಹಾಕಿದರೆ ಮೊಸರಾಗುವುದಿಲ್ಲ. ಮಹಾಸಭೆಗೆ ಬನ್ನಿ, ಕೈ ಎತ್ತಿ.