ಶಕ್ತಿಮಾನ್‌ಗೆ ಬೆನ್ನ ಹಿಂದೆ ಟವೆಲ್ ಇರಲಿಲ್ಲ

ಕಳೆದ ವರ್ಷ ಅಕ್ಟೋಬರ್ ಕೊನೆಗೆ ನಮ್ಮಕ್ಕ ಇರೋ ಬೆಂಗಳೂರಿನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಜಗಳ. 31ಕ್ಕೆ ಹ್ಯಾಲೋವೀನ್ ಇದೆ, ಮಕ್ಕಳು ಟಿವಿ ಪಾತ್ರಗಳ ವೇಷ ಹಾಕ್ಕೊಂಡು ಬರಲಿ ಅಂತ ಕಮಿಟಿಯವರು ನೋಟೀಸ್ ಹಾಕಿದ್ದೇ ತಡ, "ಇದು ನಮ್ಮ ಸಂಸ್ಕೃತಿನೇ ಅಲ್ಲ" ಅಂತ ಅರ್ಧ ಜನ, "ಮಕ್ಕಳು ಖುಷಿಪಡ್ಲಿ ಬಿಡ್ರೀ" ಅಂತ ಇನ್ನರ್ಧ ಜನ. ಜಗಳ ನಡೀತಾ ಇರುವಾಗಲೇ ಎರಡೂ ಕಡೆಯವರು ಆನ್‌ಲೈನಿನಲ್ಲಿ ವೇಷ ಆರ್ಡರ್ ಮಾಡ್ತಾ ಇದ್ರು ಅನ್ನೋದು ಬೇರೆ ಮಾತು :-)

ನನಗನ್ನಿಸೋದು, ಇಬ್ಬರೂ ತಪ್ಪು ವಿಷಯಕ್ಕೆ ಜಗಳ ಆಡಿದ್ರು. ಹಬ್ಬ ಅವರದಾ ನಮ್ಮದಾ ಅನ್ನೋದು ದೊಡ್ಡ ಮಾತಲ್ಲ. ವೇಷ ಮನೇಲಿ ಕಟ್ಟಿದ್ದಾ, ಅಂಗಡಿಯಿಂದ ತಂದಿದ್ದಾ ಅನ್ನೋದು ದೊಡ್ಡ ಮಾತು. ಯಾಕೆ ಅಂತ ಹೇಳ್ಬೇಕಂದ್ರೆ ನಮ್ಮೂರು ವಾಡಿಗೆ ಹೋಗಬೇಕು.

ವಾಡಿ ಅಂದ್ರೆ ಮುಂಬೈ ಕಡೆಯಿಂದ ಬರೋ ರೈಲು ದಾರಿ ಚೆನ್ನೈಗೊಂದು ಹೈದರಾಬಾದಿಗೊಂದು ಅಂತ ಒಡೆಯೋ ಜಂಕ್ಷನ್. ಒಂದು ಕಡೆ ಶಹಾಬಾದ್, ಇನ್ನೊಂದು ಕಡೆ ಚಿತ್ತಾಪುರ, ಸೇಡಂ. ಎಲ್ಲಿ ನೋಡಿದ್ರೂ ಸುಣ್ಣದಕಲ್ಲು, ಫರ್ಸಿ ಕಲ್ಲಿನ ಗಣಿ, ಸಿಮೆಂಟ್ ಫ್ಯಾಕ್ಟರಿ. 2004ರಲ್ಲಿ ನಾನು ಎರಡನೇ ಕ್ಲಾಸು. ಆಗ ನಮಗೆಲ್ಲ ಶಕ್ತಿಮಾನ್ ಅಂದ್ರೆ ಪ್ರಾಣ. 1997ರಿಂದ 2005ರವರೆಗೆ ದೂರದರ್ಶನದಲ್ಲಿ ಬಂದ ಧಾರಾವಾಹಿ ಅದು, ಮಹಾಭಾರತದಲ್ಲಿ ಭೀಷ್ಮನಾಗಿದ್ದ ಮುಖೇಶ್ ಖನ್ನಾ ಅವರೇ ಶಕ್ತಿಮಾನ್. ಮಕ್ಕಳ ದಿನಾಚರಣೆಯ ಛದ್ಮವೇಷ ಸ್ಪರ್ಧೆಗೆ ನಾನು ಬೇರೆ ಏನಾದ್ರೂ ಆಗೋದು ಸಾಧ್ಯವೇ ಇರಲಿಲ್ಲ.

ಅವ್ವ ಮರೂನ್ ಬಣ್ಣದ ಹಳೇ ಸೀರೆ ಕತ್ತರಿಸಿ ಅಂಗಿ, ಪ್ಯಾಂಟು ಹೊಲಿದಳು. ಖಾಲಿ ಸಿಮೆಂಟ್ ಚೀಲ ತೊಳೆದು, ಉಲ್ಟಾ ಮಡಚಿ, ಮೇಲೆ ಬಂಗಾರದ ಕಾಗದ ಸುತ್ತಿ ಬೆಲ್ಟು ಮಾಡಿದಳು. ಎದೆ ಮೇಲಿನ ಚಕ್ರಕ್ಕೆ ಚಪ್ಪಲಿ ಡಬ್ಬಿಯ ರಟ್ಟು. ಆದರೆ ಆ ಚಕ್ರ ಹೇಗಿದೆ ಅಂತ ನೋಡೋಕೆ ನಮ್ಮ ಹತ್ರ ಒಂದು ಫೋಟೋನೂ ಇರಲಿಲ್ಲ. ಭಾನುವಾರ ಅವ್ವ ಪೆನ್ಸಿಲ್ ಹಿಡ್ಕೊಂಡು ಟಿವಿ ಮುಂದೆ ಕೂತಳು. ಅವನೋ, ಗಿರಗಿರ ತಿರುಗೋ ಮನುಷ್ಯ! "ಒಂದ್ ಕಡಿ ನಿಂದರವಲ್ಲ ನೋಡು" ಅಂತ ಬೈಕೋತಾ ಅರ್ಧ ಬರೆದಳು. ಮುಂದಿನ ಭಾನುವಾರ ಕರೆಂಟಿಲ್ಲ. ಉಳಿದರ್ಧ ಅಂದಾಜಿನ ಮೇಲೆ.

ನಾನು ಟವೆಲ್ ತಂದು ಬೆನ್ನಿಗೆ ಕಟ್ಟು ಅಂದೆ. ಅವ್ವ, "ಅಂವಗ ಹಿಂದ ಟವೆಲ್ ಎಲ್ಲಿ ಅದನೋ?" ಅಂದಳು. ಹೌದಲ್ಲ! ಓಣಿಯ ಹುಡುಗರೆಲ್ಲ ಟವೆಲ್ ಕಟ್ಕೊಂಡು ಶಕ್ತಿಮಾನ್ ಆಗ್ತಿದ್ವಿ. ಶಕ್ತಿಮಾನ್‌ಗೆ ಅದು ಇರಲೇ ಇಲ್ಲ. ವಾರವಾರ ಬಾಯಿ ಬಿಟ್ಕೊಂಡು ನೋಡಿದ ನನಗೆ ಕಾಣದ್ದು, ಕತ್ತರಿ ಹಿಡಿದು ಒಂದು ಸಲ ನೋಡಿದ ಅವ್ವನಿಗೆ ಕಂಡಿತ್ತು. ಮಾಡೋರು ನೋಡೋ ರೀತಿನೇ ಬೇರೆ.

ಆಮೇಲೇನಾಯ್ತು? ಇನ್ನೊಬ್ಬ ಹುಡುಗ ಗುಲ್ಬರ್ಗದಿಂದ ಬಾಡಿಗೆಗೆ ತಂದ ಶಕ್ತಿಮಾನ್ ಡ್ರೆಸ್ಸಿನಲ್ಲಿ ಬಂದ. ಫಳಫಳ ಹೊಳೀತಿತ್ತು. ನಾನು ವೇದಿಕೆ ಮೇಲೆ ತಿರುಗೋಕೆ ಹೋದೆ, ಅಂಟು ಬಿಟ್ಟು ಚಕ್ರ ಜೋತಾಡಿತು, ಎಲ್ಲರೂ ನಕ್ಕರು. ಮೊದಲ ಬಹುಮಾನ ಬಾಡಿಗೆ ಶಕ್ತಿಮಾನ್‌ಗೆ. ಮನೆಗೆ ಬರೋ ದಾರಿಯಲ್ಲಿ ನಾನು ಅವ್ವನಿಗೆ, "ನೀ ಮಾಡಿದ್ದಕ್ಕೇ ಸೋತೆ" ಅಂದೆ. ಅವಳು ಏನೂ ಅನ್ನಲಿಲ್ಲ.

ಈಗ ಸಂಸ್ಕೃತಿಯ ಮಾತಿಗೆ ಬರೋಣ. ನಮ್ಮ ಕಡೆ ಮೊಹರಂ ಬಂತಂದ್ರೆ ಹರಕೆ ಹೊತ್ತವರು ಮೈಗೆ ಬಣ್ಣ ಬಳ್ಕೊಂಡು ಹುಲಿಯಾಗ್ತಾರೆ. ಅದರಲ್ಲಿ ಹಿಂದೂ, ಮುಸ್ಲಿಂ ಅಂತಿಲ್ಲ. ಹಗಲುವೇಷದವರು ಅರದಾಳ, ಇಂಗಳೀಕ, ಕಾಡಿಗೆ ಹಚ್ಕೊಂಡು ದಿನಕ್ಕೊಂದು ವೇಷದಲ್ಲಿ ಮನೆಮನೆಗೆ ಬಂದು ಕಾಳುಕಡಿ ಇಸ್ಕೊಂಡು ಹೋಗೋರು. ಅತ್ತ ಸ್ಕಾಟ್‌ಲೆಂಡ್, ಐರ್ಲೆಂಡಿನ ಮಕ್ಕಳೂ ಹ್ಯಾಲೋವೀನ್ ರಾತ್ರಿ ವೇಷ ಹಾಕ್ಕೊಂಡು ಮನೆಮನೆಗೆ ಹೋಗಿ, ಒಂದು ಹಾಡೋ ಪದ್ಯವೋ ಹೇಳಿ, ಹಣ್ಣು ಇಸ್ಕೊಂಡು ಬರ್ತಿದ್ರು. ಎರಡರಲ್ಲಿ ಅಂಥ ದೂರ ಏನಿದೆ ಹೇಳಿ?

ದೂರ ಆಗಿದ್ದು ಡಬ್ಬಿಯಿಂದ. ಅಮೆರಿಕದಲ್ಲಿ 1937ರಲ್ಲಿ ಶುರುವಾದ ಬೆನ್ ಕೂಪರ್ ಅನ್ನೋ ಕಂಪನಿ ಸಿನಿಮಾ, ಟಿವಿ ಪಾತ್ರಗಳ ವೇಷವನ್ನ ಡಬ್ಬಿಯಲ್ಲಿ ಹಾಕಿ ಅಗ್ಗಕ್ಕೆ ಮಾರ್ತಿತ್ತು. ಒಂದು ಪ್ಲಾಸ್ಟಿಕ್ ಮುಖವಾಡ, ಒಂದು ನಿಲುವಂಗಿ. ತಮಾಷೆ ಏನಂದ್ರೆ, ಎಷ್ಟೋ ನಿಲುವಂಗಿಗಳ ಎದೆ ಮೇಲೆ ಅದೇ ಪಾತ್ರದ ಚಿತ್ರ ಮತ್ತು ಹೆಸರು! ಯಾವ ಹೀರೋ ತನ್ನದೇ ಚಿತ್ರ ಎದೆಗೆ ಅಂಟಿಸ್ಕೊಂಡು ಓಡಾಡ್ತಾನೆ? ಅದು ವೇಷ ಅಲ್ಲ, ಜಾಹೀರಾತು. ಕನ್ನಡದಲ್ಲಿ ನಾವು "ವೇಷ ಕಟ್ಟೋದು" ಅಂತೀವಿ. ಮನೆ ಕಟ್ಟಿದ ಹಾಗೆ, ಹಾಡು ಕಟ್ಟಿದ ಹಾಗೆ. ಕೊಂಡು ತಂದಿದ್ದಕ್ಕೆ ಆ ಮಾತು ಹೊಂದೋದೇ ಇಲ್ಲ.

"ಮಾಡೋಕೆ ಟೈಮೆಲ್ಲಿದೆ ಮಾರಾಯಾ?" ಅಂತ ನಮ್ಮಕ್ಕ ಕೇಳಿದಳು. ನ್ಯಾಯವಾದ ಪ್ರಶ್ನೆ. ಅವ್ವ ನನ್ನ ವೇಷಕ್ಕೆ ಎರಡು ರಾತ್ರಿ ನಿದ್ದೆ ಬಿಟ್ಟಿದ್ದಳು. "ಮನೇಲೇ ಮಾಡಿ" ಅಂತ ಉಪದೇಶ ಮಾಡಿದ್ರೆ ಕೊನೆಗೆ ಭಾರ ಬೀಳೋದು ತಾಯಂದಿರ ಮೇಲೇ. ಅದಕ್ಕೇ ನಾನು ಹೇಳೋದು, ಮಕ್ಕಳೇ ಮಾಡ್ಲಿ. ಸೊಟ್ಟಗಾದ್ರೆ ಆಗ್ಲಿ.

ಆ ಅಪಾರ್ಟ್‌ಮೆಂಟಿನ ವಾಚ್‌ಮನ್ ಚಿಂಚೋಳಿ ತಾಲೂಕಿನವರು. ಊರ ಕಡೆಯ ಮಾತಾಡೋಕೆ ಸಿಗ್ತಾರೆ ಅಂತ ಹೋದಾಗಲೆಲ್ಲ ಅವರ ಹತ್ರ ನಿಲ್ತೀನಿ. ಅವರ ಮಗಳನ್ನ "ನೀನೂ ಬರ್ತೀಯೇನವ್ವ?" ಅಂತ ಕೇಳಿದೆ. "ನನ್ನ ಕಡಿ ಡ್ರೆಸ್ ಇಲ್ರೀ ಕಾಕಾ" ಅಂದ್ಲು. ಅಷ್ಟೇ. ಕೊಳ್ಳೋ ವೇಷ ಅಂದ್ರೆ ಅದು ಒಳಗೆ ಬಿಡೋ ಟಿಕೆಟ್ಟು ಅಂತ ಆಗ ಅರ್ಥ ಆಯ್ತು.

ಕೊರಿಯರ್ ಡಬ್ಬಿಗಳನ್ನ ಒಟ್ಟುಮಾಡಿ ಅವಳನ್ನೂ ನನ್ನ ಅಳಿಯನನ್ನೂ ಕೂರಿಸಿದೆ. ಇಬ್ಬರೂ ಡೋರೆಮಾನ್ ಅಂದ್ರು. ನೀಲಿ ಚಾರ್ಟ್ ಪೇಪರ್, ಬಿಳೀ ಹೊಟ್ಟೆ, ಹೊಟ್ಟೆಗೊಂದು ಜೇಬು, ಕೊರಳಿಗೆ ಗಂಟೆ. ಬೆಕ್ಕು ಅಂದ್ಮೇಲೆ ಕಿವಿ ಬೇಕಲ್ಲ ಅಂತ ನಾನು ಎರಡು ಕಿವಿ ಕತ್ತರಿಸಿದೆ. ಹುಡುಗಿ ನನ್ನ ಮುಖ ನೋಡಿ, "ಅದಕ್ಕ ಕಿವಿ ಇಲ್ರೀ. ಇಲಿ ತಿಂದದ" ಅಂದ್ಲು!

ವೇಷದ ಒಳಗೆ ಯಾರಿದ್ದಾರೆ ಅಂತ ಆವತ್ತು ಯಾರಿಗೂ ಗೊತ್ತಾಗಲಿಲ್ಲ. ರಟ್ಟಿನ ತಲೆ ತೆಗೆದಾಗ ಒಬ್ಬರು "ಓ, ವಾಚ್‌ಮನ್ ಮಗಳಾ" ಅಂದ ದನಿ ನನಗೆ ಹಿಡಿಸಲಿಲ್ಲ. ರಟ್ಟಿನಿಂದ ಎಲ್ಲಾ ಸರಿಹೋಗಲ್ಲ, ಗೊತ್ತು. ಆದರೂ ಕಮಿಟಿಯವರಿಗೆ ಒಂದು ಸಲಹೆ ಕೊಟ್ಟಿದ್ದೀನಿ: ಇನ್ಮುಂದೆ ಬಹುಮಾನ ಬೇಡ, ಪ್ರತಿ ಮಗು ಯಾವುದರಿಂದ ಏನು ಮಾಡಿದೆ ಅಂತ ಹೇಳಿದ್ರೆ ಸಾಕು. ಉತ್ತರ ಬಂದಿಲ್ಲ.

ಆವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. 2004ರ ಆ ಮಾತಿಗೆ ತಪ್ಪಾಯ್ತು ಅನ್ನಬೇಕು ಅಂತಿದ್ದೆ. ನಾನು ಬಾಯಿ ತೆಗೆಯೋಕೆ ಮುಂಚೆ ಅವಳೇ ಅಂದಳು, "ಆ ಚಕ್ರ ದಾರ ಹಾಕಿ ಹೊಲೀಬೇಕಾಗಿತ್ತು ನೋಡು. ಅಂಟು ಹಚ್ಚಿದ್ದೇ ತಪ್ಪಾಯ್ತು."

ನಿಮ್ಮ ಮನೇಲಿ ನಿಮಗೆ ಯಾವ ವೇಷ ಕಟ್ಟಿದ್ರು? ಯಾವುದರಿಂದ ಕಟ್ಟಿದ್ರು? ಹೇಳಿ, ಕೇಳೋ ಆಸೆ ಇದೆ.