ಸೈಕಲ್ಲಿಗೆ ಜಾಗವಿಲ್ಲದ ರಸ್ತೆಯೇ ದುಬಾರಿ ರಸ್ತೆ

ನಮ್ಮಂಥ ಜಿಲ್ಲಾ ವರದಿಗಾರರಿಗೆ ಅಪಘಾತದ ಸುದ್ದಿ ಬರೆಯಲು ಹತ್ತು ನಿಮಿಷ ಸಾಕು. ಹೆಸರು, ವಯಸ್ಸು, ಊರು. ಯಾವ ವಾಹನಕ್ಕೆ ಯಾವುದು ಡಿಕ್ಕಿ. ‘ತೀವ್ರವಾಗಿ ಗಾಯಗೊಂಡು ಸ್ಥಳದಲ್ಲೇ ಮೃತಪಟ್ಟಿದ್ದಾರೆ. ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ.’ ನಾಲ್ಕು ಸಾಲಿಗೆ ಸುದ್ದಿ ಮುಗಿಯಿತು.

ಆಮೇಲೆ ಆ ಮನೆಗೆ ಏನಾಯಿತು ಎಂದು ನಾವು ಹೋಗಿ ನೋಡುವುದಿಲ್ಲ. ಇದು ನಮ್ಮ ತಪ್ಪು, ಮೊದಲು ಅದನ್ನೇ ಒಪ್ಪಿಕೊಳ್ಳುತ್ತೇವೆ. ಯಾಕೆಂದರೆ ಅಪಘಾತದ ಖರ್ಚು ಶುರುವಾಗುವುದೇ ನಾವು ಬರೆಯದ ಆ ಐದನೇ ಸಾಲಿನಿಂದ. ಬೈಕಿನ ಕಂತು ನಿಲ್ಲುವುದಿಲ್ಲ. ಆಸ್ಪತ್ರೆಗೆ ಮಾಡಿದ ಕೈಸಾಲ ಬಡ್ಡಿ ಬೆಳೆಸುತ್ತದೆ. ಒಡವೆ ಅಡವಿಗೆ ಹೋಗುತ್ತದೆ, ಕರೆಯುವ ಹಸು ಸಂತೆಗೆ ಹೋಗುತ್ತದೆ. ಪಿಯುಸಿ ಓದುತ್ತಿದ್ದ ಮಗಳು ಕಾಲೇಜು ಬಿಟ್ಟು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ.

ಇದು ಎಲ್ಲೋ ಒಂದು ಮನೆಯ ಕಥೆ ಅಂದುಕೊಳ್ಳಬೇಡಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕರ್ನಾಟಕದಲ್ಲೇ 11,702. ದೇಶದ ಒಟ್ಟು ಸಾವಿನಲ್ಲಿ ಶೇ 68ರಷ್ಟು ಆಗಿದ್ದು ಹಳ್ಳಿಗಾಡಿನಲ್ಲಿ. ಸತ್ತವರಲ್ಲಿ ಶೇ 83ರಷ್ಟು ಮಂದಿ 18ರಿಂದ 60 ವರ್ಷದೊಳಗಿನವರು, ಅಂದರೆ ದುಡಿದು ಮನೆ ನಡೆಸುವವರು. ಟ್ರಾಫಿಕ್ ಅಂದರೆ ಬೆಂಗಳೂರಿನ ಸಮಸ್ಯೆ ಎಂದು ಟಿವಿಯವರು ತೋರಿಸುತ್ತಾರೆ. ಬೆಂಗಳೂರಿನಲ್ಲಿ ಜನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತಾರೆ, ನಮ್ಮಲ್ಲಿ ಸಾಯುತ್ತಾರೆ.

ವಿಶ್ವಬ್ಯಾಂಕ್ 2021ರಲ್ಲಿ ನಾಲ್ಕು ರಾಜ್ಯಗಳ ಸಮೀಕ್ಷೆ ನಡೆಸಿ ಒಂದು ವರದಿ ಕೊಟ್ಟಿತು. ಅಪಘಾತ ಕಂಡ ಬಡ ಕುಟುಂಬಗಳಲ್ಲಿ ಶೇ 75ಕ್ಕೂ ಹೆಚ್ಚು ಮನೆಗಳ ಆದಾಯ ಕುಸಿದಿತ್ತು. ಬಡವರಿಗೆ ಆದ ನಷ್ಟ ಏಳು ತಿಂಗಳ ಸಂಪಾದನೆಗಿಂತ ಹೆಚ್ಚು, ಉಳ್ಳವರಿಗೆ ಆದದ್ದು ಒಂದು ತಿಂಗಳ ಸಂಪಾದನೆಗಿಂತ ಕಡಿಮೆ. ರಸ್ತೆ ಒಂದೇ, ಪೆಟ್ಟು ಒಂದೇ, ಬಿಲ್ಲು ಮಾತ್ರ ಬೇರೆ.

ಇನ್ನು ಜೀವಕ್ಕೆ ಬೆಲೆ ಕಟ್ಟುವ ಲೆಕ್ಕ ನೋಡೋಣ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಹೇಗೆ ಲೆಕ್ಕ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಪ್ರಕರಣದಲ್ಲಿ, ಮತ್ತೆ 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಹೇಳಿದೆ. ಒಬ್ಬ 32 ವರ್ಷದ ಕೂಲಿಯವನು, ತಿಂಗಳಿಗೆ 12,000 ಸಂಪಾದನೆ, ಹೆಂಡತಿ, ಇಬ್ಬರು ಮಕ್ಕಳು ಎಂದಿಟ್ಟುಕೊಳ್ಳಿ. ಮುಂದೆ ಹೆಚ್ಚಬಹುದಾದ ಆದಾಯಕ್ಕೆ ಶೇ 40 ಸೇರಿಸಿದರೆ 16,800. ಅವನ ಸ್ವಂತ ಖರ್ಚಿಗೆಂದು ಮೂರರಲ್ಲೊಂದು ಭಾಗ ಕಳೆದರೆ 11,200. ಹನ್ನೆರಡು ತಿಂಗಳಿಗೆ ಗುಣಿಸಿ, ಅವನ ವಯಸ್ಸಿಗೆ ಗೊತ್ತುಮಾಡಿದ 16ರಿಂದ ಮತ್ತೆ ಗುಣಿಸಿ. 21,50,400 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ಮುಂತಾದ್ದಕ್ಕೆ ಒಂದಿಷ್ಟು.

ಅದೇ ವಯಸ್ಸಿನ, ಅಷ್ಟೇ ಸಂಸಾರದ, ತೆರಿಗೆ ಕಳೆದು ತಿಂಗಳಿಗೆ ಒಂದು ಲಕ್ಷ ಸಂಬಳ ಬರುವ ಕಾಯಂ ನೌಕರ ಸತ್ತರೆ? ಅವನಿಗೆ ಶೇ 50 ಸೇರುತ್ತದೆ. ಮೊತ್ತ 1.92 ಕೋಟಿ.

ನ್ಯಾಯಾಲಯವನ್ನು ನಾವು ದೂರುತ್ತಿಲ್ಲ. ನಿಂತುಹೋದ ಸಂಪಾದನೆಯನ್ನು ಹೆಂಡತಿ ಮಕ್ಕಳಿಗೆ ತುಂಬಿಕೊಡುವ ಲೆಕ್ಕ ಅದು. ಆದರೆ ‘ಅಪಘಾತದಿಂದ ದೇಶಕ್ಕಾದ ನಷ್ಟ’ ಎನ್ನುವಾಗಲೂ ಸಂಪಾದನೆಯ ಮೇಲೇ ಲೆಕ್ಕ ಹಾಕಿದರೆ ಕೂಲಿಯವನ ಸಾವು ಅಗ್ಗವಾಗಿ ಕಾಣುತ್ತದೆ. ಸಾವು ಅಗ್ಗವಾದರೆ ಅದನ್ನು ತಡೆಯುವ ಖರ್ಚು ದುಬಾರಿಯಾಗಿ ಕಾಣುತ್ತದೆ. ಇನ್ನು ಗುದ್ದಿದ ವಾಹನ ಸಿಗದೇ ಹೋದರೆ ಸರ್ಕಾರದ ಯೋಜನೆಯಲ್ಲಿ ಸಿಗುವುದು 2 ಲಕ್ಷ ರೂಪಾಯಿ. ರಸ್ತೆಯನ್ನೇ ಕೆಟ್ಟದಾಗಿ ವಿನ್ಯಾಸ ಮಾಡಿ ಜೀವ ಹೋದರೆ ಗುತ್ತಿಗೆದಾರರಿಗೆ, ಇಲಾಖೆಗೆ 2019ರ ತಿದ್ದುಪಡಿ ಕಾಯ್ದೆಯಲ್ಲಿ ಇರುವ ದಂಡ ಹೆಚ್ಚೆಂದರೆ 1 ಲಕ್ಷ. ಒಂದು ಎಮ್ಮೆಯ ಬೆಲೆ!

ಇಷ್ಟು ಅಗ್ಗದ ಲೆಕ್ಕದಲ್ಲೂ ನಷ್ಟ ಚಿಕ್ಕದಲ್ಲ. ಜಿಡಿಪಿಯ ಶೇ 3ರಷ್ಟು ರಸ್ತೆ ಅಪಘಾತಗಳಿಗೆ ಹೋಗುತ್ತಿದೆ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರೇ ಹಲವು ಸಲ ಹೇಳಿದ್ದಾರೆ.

ಈಗ ರಸ್ತೆಗೆ ಬನ್ನಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ನಮ್ಮ ರಾಜ್ಯದ ಹೆಮ್ಮೆ ಎನ್ನುತ್ತಾರೆ. 118 ಕಿಲೋಮೀಟರ್, ಸುಮಾರು 8,480 ಕೋಟಿ. ಕಿಲೋಮೀಟರಿಗೆ ಹೆಚ್ಚುಕಡಿಮೆ 72 ಕೋಟಿ ಬಿತ್ತು. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ಉದ್ಘಾಟಿಸಿದರು. ಮೂರು ಗಂಟೆಯ ದಾರಿ 75 ನಿಮಿಷಕ್ಕೆ ಇಳಿಯಿತು ಎಂಬುದೇ ಅದರ ದೊಡ್ಡ ಪ್ರಚಾರ. ಉದ್ಘಾಟನೆಯಾದ ಕೆಲವೇ ತಿಂಗಳಲ್ಲಿ ಸಾವುಗಳ ಸರಮಾಲೆ. ಆಗ ಹೆದ್ದಾರಿ ಪ್ರಾಧಿಕಾರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್, ಸೈಕಲ್, ಎತ್ತಿನಗಾಡಿ ಎಲ್ಲವನ್ನೂ ಮುಖ್ಯ ರಸ್ತೆಯಿಂದ ಇಳಿಸಿತು.

ಇಳಿಸಿದ್ದು ಸರಿ. ನೂರರ ವೇಗದಲ್ಲಿ ಬರುವ ಕಾರಿನ ಮುಂದೆ ಸೈಕಲ್ ಇರಬಾರದು. ಆದರೆ ಇಳಿದವರು ಹೋಗುವುದೆಲ್ಲಿಗೆ? ಸರ್ವೀಸ್ ರಸ್ತೆಗೆ. ಅಲ್ಲಿ ಬಸ್ಸು, ಟೋಲ್ ತಪ್ಪಿಸಿ ಬರುವ ಕಾರು, ಕಬ್ಬಿನ ಟ್ರ್ಯಾಕ್ಟರ್, ಬೈಕು, ಎಲ್ಲದರ ನಡುವೆ ಸೈಕಲ್ಲು. ಆ ಸರ್ವೀಸ್ ರಸ್ತೆಯೂ ಹಲವೆಡೆ ತುಂಡುತುಂಡು ಎಂಬ ದೂರು ಆಗಲೇ ಎದ್ದಿತ್ತು. ಹಿಂದೆ ಸೈಕಲ್ ತುಳಿದು ಮದ್ದೂರಿಗೋ ಮಂಡ್ಯಕ್ಕೋ ಹೋಗುತ್ತಿದ್ದದ್ದೂ ಇದೇ ಹಾದಿಯಲ್ಲಿ. ಕಾರಿನವರಿಗೆ ಉಳಿದ ಒಂದು ಮುಕ್ಕಾಲು ಗಂಟೆಯನ್ನು ಎಲ್ಲರೂ ಲೆಕ್ಕ ಇಟ್ಟರು. ಎದುರಿಗೇ ಕಾಣುವ ತನ್ನ ಗದ್ದೆಗೆ ಹೋಗಲು ಬಳಸಿ ಬರಬೇಕಾದ ರೈತನ ಹೊತ್ತನ್ನು ಯಾರು ಲೆಕ್ಕ ಇಟ್ಟರು?

‘ಈ ಕಾಲದಲ್ಲಿ ಸೈಕಲ್ ಯಾರು ತುಳೀತಾರೆ ಸ್ವಾಮಿ?’ ಎಂದು ನೀವು ಕೇಳಬಹುದು. ಈ ಮಾತನ್ನು ತಿರುಗಿಸಿ ನೋಡಿ. ಜನ ಸೈಕಲ್ ಬಿಟ್ಟದ್ದು ಬೈಕಿನ ಆಸೆಗೆ ಮಾತ್ರ ಅಲ್ಲ, ರಸ್ತೆಯ ಭಯಕ್ಕೂ ಬಿಟ್ಟರು. ಬೈಕಿಗೆ ಬಂದವರು ಸುರಕ್ಷಿತವಾದರೇ? 2022ರಲ್ಲಿ ಸತ್ತವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಸೈಕಲ್‌ನವರು 4,836. ಸೈಕಲ್ ತುಳಿಯುವವರೇ ಕಡಿಮೆ, ಅದಕ್ಕೇ ಸಾವೂ ಕಡಿಮೆ ಎನ್ನಬಹುದು, ಒಪ್ಪುತ್ತೇವೆ. ಆದರೆ ಸೈಕಲ್ ಗುದ್ದಿ ಲಾರಿ ಚಾಲಕ ಸತ್ತ ಎಂಬ ಸುದ್ದಿಯನ್ನು ನಾವು ಇದುವರೆಗೂ ಬರೆದಿಲ್ಲ. ಸೈಕಲ್ ಸಾಯಿಸುವ ಗಾಡಿಯಲ್ಲ. ಸೈಕಲ್ಲಿನವನನ್ನು ಸಾಯಿಸುವುದು ಬೇರೆಯವರ ವೇಗ ಮತ್ತು ಅವನಿಗೆ ಜಾಗ ಬಿಡದ ರಸ್ತೆ.

ದುಡ್ಡಿನ ಲೆಕ್ಕಕ್ಕೆ ನಿಮ್ಮ ಊರನ್ನೇ ತೆಗೆದುಕೊಳ್ಳಿ. ದಿನಕ್ಕೆ ಹೋಗಿಬಂದು ಹತ್ತು ಕಿಲೋಮೀಟರ್, ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕು, ನೂರು ದಾಟಿದ ಪೆಟ್ರೋಲು. ದಿನಕ್ಕೆ 20 ರೂಪಾಯಿ, ವರ್ಷಕ್ಕೆ 7,000 ಮೀರುತ್ತದೆ. ಊರಿನಲ್ಲಿ 500 ಬೈಕ್ ಇದ್ದರೆ ವರ್ಷಕ್ಕೆ 35 ಲಕ್ಷ ರೂಪಾಯಿ ಊರು ಬಿಟ್ಟು ಪೆಟ್ರೋಲ್ ಬಂಕಿಗೆ ಹೋಯಿತು. ಅದರಲ್ಲಿ ಅರ್ಧ ಓಡಾಟ ಸೈಕಲ್ಲಿಗೆ ಬಂದರೂ 17 ಲಕ್ಷಕ್ಕೂ ಹೆಚ್ಚು ಊರಲ್ಲೇ ಉಳಿಯುತ್ತದೆ. ಬೈಕ್, ಕಾರಿನ ಹತ್ತಿರದ ಓಡಾಟದಲ್ಲಿ ಅರ್ಧದಷ್ಟು ಸೈಕಲ್ಲಿಗೆ ಬದಲಾದರೆ ದೇಶಕ್ಕೆ ವರ್ಷಕ್ಕೆ 1.8 ಲಕ್ಷ ಕೋಟಿ ಲಾಭ ಎಂದು ಟೆರಿ ಸಂಸ್ಥೆ 2018ರಲ್ಲೇ ಲೆಕ್ಕ ಕೊಟ್ಟಿದೆ.

ಎಲ್ಲರೂ ಬೈಕ್ ಮಾರಿ ಎಂದು ನಾವು ಹೇಳುತ್ತಿಲ್ಲ. ನಾಲ್ಕು ಕ್ಯಾನು ಹಾಲು ಸೈಕಲ್ಲಿಗೆ ಹೊರಿಸಲಾಗದು. ರಾತ್ರಿ ಹೊಟ್ಟೆನೋವು ಬಂದವರನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಲಾಗದು. ನಾವು ಹೇಳುತ್ತಿರುವುದು ಡೇರಿ, ಶಾಲೆ, ನ್ಯಾಯಬೆಲೆ ಅಂಗಡಿ, ತೋಟ, ಪಂಚಾಯಿತಿ ಆಫೀಸು, ಈ ಎರಡು ಮೂರು ಕಿಲೋಮೀಟರಿನ ಓಡಾಟದ ಮಾತು. ಎಲ್ಲಕ್ಕಿಂತ ಮೊದಲು ಮಕ್ಕಳ ಮಾತು.

ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಅದೇ 2006ರಲ್ಲಿ ಬಿಹಾರ ಹೆಣ್ಣುಮಕ್ಕಳಿಗೆ ಕೊಟ್ಟಿತು. ಅಲ್ಲಿ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿದ್ದನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ನಮ್ಮ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ಹದಿನೈದರ ಹುಡುಗ ಅಪ್ಪನ ಬೈಕ್ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು. ಕಾನೂನು ಸರಿಯಾಗಿಯೇ ಇದೆ. ಆದರೆ ಅದೇ ಹುಡುಗ ಸೈಕಲ್ ಹತ್ತಿದರೆ ಹೆದ್ದಾರಿ ದಾಟಿ ಜೀವಸಹಿತ ಶಾಲೆ ಮುಟ್ಟುವ ದಾರಿ ಎಲ್ಲಿದೆ?

ಕೇಳುವುದನ್ನು ಸ್ಪಷ್ಟವಾಗಿ ಕೇಳೋಣ. ಊರಿನ ಪಕ್ಕ ಹೆದ್ದಾರಿ ಅಗಲವಾಗುತ್ತಿದ್ದರೆ ಎರಡು ಮೀಟರಿನ ಪ್ರತ್ಯೇಕ ಸೈಕಲ್ ದಾರಿ ಕಾಮಗಾರಿಯಲ್ಲೇ ಸೇರಲಿ. ಲಾರಿ ಹೊರುವಷ್ಟು ದಪ್ಪ ಜಲ್ಲಿ, ಡಾಂಬರು ಅದಕ್ಕೆ ಬೇಡ. 72 ಕೋಟಿಯ ಕಿಲೋಮೀಟರಿನಲ್ಲಿ ಅದಕ್ಕೆ ದುಡ್ಡಿಲ್ಲ ಎಂದರೆ ನಂಬಬೇಡಿ. ಶಾಲೆ, ಡೇರಿ ಇರುವ ಕಡೆ ಅಂಡರ್‌ಪಾಸ್ ಬರಲಿ, ಮಳೆಗಾಲದಲ್ಲಿ ಕೆರೆಯಾಗದ ಅಂಡರ್‌ಪಾಸ್. ಎಂಟನೇ ತರಗತಿಯ ಸೈಕಲ್ ಪೂರ್ತಿಯಾಗಿ ಮರಳಿ ಬರಲಿ.

ಇದನ್ನು ಕೇಳಲು ಬೆಂಗಳೂರಿಗೆ ಹೋಗಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಕಳೆದ ಐದು ವರ್ಷದಲ್ಲಿ ನಮ್ಮ ಪಂಚಾಯಿತಿಯ ಎಷ್ಟು ಜನ ರಸ್ತೆಯಲ್ಲಿ ಸತ್ತರು, ಎಲ್ಲೆಲ್ಲಿ ಸತ್ತರು ಎಂದು ಪಟ್ಟಿ ಮಾಡಿಸಿ. ನಡಾವಳಿಯಲ್ಲಿ ಬರೆಸಿ. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ, ಆ ಪಟ್ಟಿಯನ್ನು ಅಲ್ಲಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ.

ಒಂದು ಪ್ರತಿ ನಮಗೂ ಕೊಡಿ. ಈ ಸಲ ಐದನೇ ಸಾಲನ್ನೂ ಬರೆಯುತ್ತೇವೆ.