ಬಾಡಿಗೆ ಮನೆಯ ಗೋಡೆಗೆ ಬೂಷ್ಟು: ಬ್ಲೀಚ್ ಹೊಡೆದರೆ ಹೋಗುತ್ತದೆಯೇ?

ಮಳೆಗಾಲ ಶುರುವಾದರೆ ಸಾಕು, ವಾಟ್ಸ್ಆಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶ ಓಡಾಡುತ್ತವೆ. ಒಂದು ಹೀಗಿರುತ್ತದೆ: “ಗೋಡೆಯ ಕಪ್ಪು ಬೂಷ್ಟಿಗೆ ಬ್ಲೀಚ್ ಮತ್ತು ವಿನೆಗರ್ ಬೆರೆಸಿ ಸಿಂಪಡಿಸಿ, ಹತ್ತೇ ನಿಮಿಷದಲ್ಲಿ ಮಾಯ!” ಇನ್ನೊಂದು ಹೆದರಿಸುತ್ತದೆ: “ಇದೇ ಬ್ಲ್ಯಾಕ್ ಫಂಗಸ್, ಕಣ್ಣು ಹೋಗುತ್ತದೆ!” ಮೊದಲನೆಯದು ಅಪಾಯಕಾರಿ. ಎರಡನೆಯದು ಸುಳ್ಳು. ಬೆಂಗಳೂರಿನಲ್ಲಿ ರಸ್ತೆಗಿಂತ ಕೆಳಗಿರುವ ಬೇಸ್‌ಮೆಂಟ್ ಮನೆಗಳಲ್ಲಿ ಬಾಡಿಗೆಗಿರುವವರಿಗೆ ಬೂಷ್ಟು ನಿಜವಾದ ತಲೆನೋವು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಬೂಷ್ಟು ಬರುವುದು ಏಕೆ?

ಬೂಷ್ಟು ಒಂದು ಶಿಲೀಂಧ್ರ. ಅದರ ಕಣ್ಣಿಗೆ ಕಾಣದ ಬೀಜಾಣುಗಳು ಎಲ್ಲ ಮನೆಗಳ ಗಾಳಿಯಲ್ಲೂ ಇರುತ್ತವೆ. ಅವು ಮೊಳೆಯಲು ಬೇಕಾಗಿರುವುದು ನೀರು. ಆಹಾರಕ್ಕೆ ಗೋಡೆಯ ಬಣ್ಣ, ಧೂಳು, ಮರ, ಬಟ್ಟೆ ಸಾಕು. ಅಂದರೆ ಬೂಷ್ಟನ್ನು ಎಷ್ಟೇ ಉಜ್ಜಿದರೂ ಗೋಡೆ ತೇವವಾಗಿಯೇ ಇದ್ದರೆ ಅದು ಮತ್ತೆ ಬರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆಯಂತೆ ಮನೆಯೊಳಗಿನ ಆರ್ದ್ರತೆ 60%ಕ್ಕಿಂತ ಕಡಿಮೆ ಇರಬೇಕು, ನೆನೆದ ಜಾಗ 24ರಿಂದ 48 ಗಂಟೆಯೊಳಗೆ ಒಣಗಬೇಕು.

ಗೋಡೆಯ ಬೂಷ್ಟೂ ‘ಬ್ಲ್ಯಾಕ್ ಫಂಗಸ್’ ಕಾಯಿಲೆಯೂ ಒಂದೇನಾ?

ಅಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ನಾವು ಕೇಳಿದ ಬ್ಲ್ಯಾಕ್ ಫಂಗಸ್ ಎಂದರೆ ಮ್ಯೂಕರ್‌ಮೈಕೋಸಿಸ್. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಹೆಚ್ಚಿನ ಸ್ಟಿರಾಯ್ಡ್ ಬಳಕೆ ಮುಂತಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ಕಾಣಿಸಿಕೊಂಡಿತು. ಅಲ್ಲಿ ಕಪ್ಪಾಗುವುದು ಸತ್ತ ಅಂಗಾಂಶ. ಗೋಡೆಯ ಮೇಲೆ ಬೆಳೆಯುವ ಕಪ್ಪು ಬೂಷ್ಟು ಸಾಮಾನ್ಯವಾಗಿ ಬೇರೆ ಜಾತಿಯದು. ಬಣ್ಣ ನೋಡಿ ಅಪಾಯ ಅಳೆಯಲು ಆಗುವುದಿಲ್ಲ.

ಹಾಗಾದರೆ ಸುಮ್ಮನಿರಬಹುದೇ?

ಅದೂ ತಪ್ಪು. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಮಕ್ಕಳು, ವಯಸ್ಸಾದವರು, ಮೊದಲೇ ಆಸ್ತಮಾ ಇರುವವರಿಗೆ ತೊಂದರೆ ಜಾಸ್ತಿ.

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಆವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಬೂಷ್ಟು ಹಿಡಿದ ಬಾಡಿಗೆ ಮನೆಯಲ್ಲಿ ದೀರ್ಘಕಾಲ ಇದ್ದದ್ದರಿಂದ ಬಂದ ಉಸಿರಾಟದ ತೊಂದರೆಯೇ ಕಾರಣ ಎಂದು 2022ರಲ್ಲಿ ವಿಚಾರಣಾಧಿಕಾರಿ ತೀರ್ಮಾನಿಸಿದರು. ಮಗುವಿನ ತಂದೆ ವರ್ಷಗಳ ಹಿಂದೆಯೇ ದೂರು ಕೊಟ್ಟಿದ್ದರು. ಸಿಕ್ಕಿದ ಉತ್ತರ: ಮೇಲೆ ಬಣ್ಣ ಬಳಿಯಿರಿ. ಆ ಕುಟುಂಬದ ಬದುಕಿನ ರೀತಿಯೇ ಕಾರಣ ಎಂದು ಭಾವಿಸಿದ್ದು ತಮ್ಮ ತಪ್ಪು ಎಂದು ಮನೆ ಕೊಟ್ಟ ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಆ ಮಗುವಿನ ಹೆಸರಿನ ಕಾನೂನು ಅಲ್ಲಿ 2025ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು.

ಇಂಥ ಸಾವು ಅಪರೂಪ. ಆದರೆ ಆ ಎರಡು ಉತ್ತರಗಳು ನಮಗೂ ಗೊತ್ತಿರುವಂಥವೇ: “ಪೇಂಟ್ ಹೊಡೆಸಿ”, “ನೀವೇ ಕಿಟಕಿ ತೆಗೆಯಲ್ಲ”.

ಫಾರ್ವರ್ಡ್‌ಗಳಲ್ಲಿ ಬರುವ ಮದ್ದುಗಳು

*ಬ್ಲೀಚ್ ಮತ್ತು ವಿನೆಗರ್:* ಯಾವತ್ತೂ ಬೆರೆಸಬೇಡಿ. ಬ್ಲೀಚ್‌ಗೆ ಯಾವುದೇ ಆಮ್ಲ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್‌ಗೂ ಇದೇ ಮಾತು. ಗಾಳಿಯಾಡದ ಬೇಸ್‌ಮೆಂಟ್‌ನಲ್ಲಿ ಅಪಾಯ ಇನ್ನೂ ಹೆಚ್ಚು.

*ಕರ್ಪೂರ, ನುಸಿಗುಳಿಗೆ:* ವಾಸನೆ ಮುಚ್ಚುತ್ತವೆ, ತೇವ ತೆಗೆಯುವುದಿಲ್ಲ. ನ್ಯಾಫ್ತಲೀನ್ ಗುಳಿಗೆಗಳು ಪುಟ್ಟ ಮಕ್ಕಳಿಗೆ ಒಳ್ಳೆಯದಲ್ಲ.

*ಬಟ್ಟಲಲ್ಲಿ ಕಲ್ಲುಪ್ಪು:* ಸ್ವಲ್ಪ ತೇವ ಹೀರುತ್ತದೆ, ನಿಜ. ಆದರೆ ನೆನೆದ ಗೋಡೆಯ ಮುಂದೆ ಅದು ಲೆಕ್ಕಕ್ಕಿಲ್ಲ.

ಮೂರು ಅಡಿ ಉದ್ದ, ಮೂರು ಅಡಿ ಅಗಲದೊಳಗಿನ ಬೂಷ್ಟಾದರೆ ನೀವೇ ತೆಗೆಯಬಹುದು. ಎನ್95 ಮಾಸ್ಕ್, ಕೈಗವಸು ಹಾಕಿ, ಸೋಪಿನ ನೀರಿನಲ್ಲಿ ಉಜ್ಜಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಒಣ ಪೊರಕೆಯಿಂದ ಗುಡಿಸಬೇಡಿ, ಬೀಜಾಣುಗಳು ಮನೆಯೆಲ್ಲಾ ಹರಡುತ್ತವೆ. ಆಸ್ತಮಾ ಇರುವವರು ಈ ಕೆಲಸಕ್ಕೆ ಇಳಿಯಬಾರದು.

ನೀರು ಬರುತ್ತಿರುವುದು ಎಲ್ಲಿಂದ?

ಮುಖ್ಯ ಪ್ರಶ್ನೆ ಇದು. ಪೈಪ್ ಅಥವಾ ಮೇಲಿನ ಮನೆಯ ಬಚ್ಚಲಿನ ಸೋರಿಕೆ ಒಂದು ದಾರಿ. ಮಣ್ಣಿಗೆ ತಾಗಿರುವ ಗೋಡೆ, ದೀಪದ ಬತ್ತಿ ಎಣ್ಣೆ ಎಳೆದುಕೊಂಡಂತೆ, ನೆಲದ ನೀರನ್ನು ಮೇಲಕ್ಕೆ ಎಳೆಯುವುದು ಎರಡನೆಯದು. ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆಯ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾಗುವುದು ಮೂರನೆಯದು.

ಇದನ್ನು ಪತ್ತೆಹಚ್ಚಲು ಸುಲಭ ಉಪಾಯವಿದೆ. ಒಂದು ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ, ಅಂದರೆ ಕೋಣೆಯ ಕಡೆ ಹನಿಗಳಿದ್ದರೆ ಹಬೆ ಕಾರಣ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿಗಳಿದ್ದರೆ ಗೋಡೆಯೊಳಗೇ ನೀರಿದೆ. ಎರಡೂ ಕಡೆ ಇದ್ದರೆ ಎರಡೂ ಕಾರಣ. ಗೋಡೆಯ ಮೇಲಿನ ಬಿಳಿ ಪುಡಿ ನೀರಿನ ಹನಿಗೆ ಕರಗಿದರೆ ಅದು ಬೂಷ್ಟಲ್ಲ, ನೀರಿನ ಜೊತೆ ಬಂದ ಲವಣ. ಅದೂ ಗೋಡೆ ನೆನೆದಿದೆ ಎಂಬುದಕ್ಕೇ ಸಾಕ್ಷಿ.

ಹಬೆ ಕಾರಣವಾದರೆ ಪರಿಹಾರ ಬಹುಪಾಲು ನಿಮ್ಮ ಕೈಯಲ್ಲಿದೆ. ಅಡುಗೆ, ಸ್ನಾನದ ಹೊತ್ತಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಬಟ್ಟೆ ಹೊರಗೆ ಒಣಗಿಸಿ, ಬೀರು, ಮಂಚಗಳನ್ನು ಗೋಡೆಯಿಂದ ಕೈಯಷ್ಟು ದೂರ ಸರಿಸಿ. ಸುರಿಮಳೆಯಲ್ಲಿ ಕಿಟಕಿ ತೆರೆದರೆ ತೇವ ಒಳಗೇ ಬರುತ್ತದೆ. ಬಿಸಿಲು ಬಂದಾಗ ತೆರೆಯಿರಿ.

ಗೋಡೆಯೊಳಗಿನ ನೀರಾದರೆ ಬಾಡಿಗೆದಾರರು ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ಪೈಪ್ ದುರಸ್ತಿ, ಹೊರಗೋಡೆಯ ವಾಟರ್‌ಪ್ರೂಫಿಂಗ್, ಚರಂಡಿ ಸರಿಪಡಿಸುವುದು ಕಟ್ಟಡದ ಕೆಲಸ.

ಖರ್ಚು ಯಾರದು?

ಮೊದಲು ಬಾಡಿಗೆ ಕರಾರು ನೋಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಎರಡು ಮಾತು ಹೇಳುತ್ತದೆ. ಮಾಲೀಕರಿಗೆ ಗೊತ್ತಿದ್ದು, ಸಾಮಾನ್ಯ ಎಚ್ಚರದಿಂದ ನೋಡಿದರೂ ಬಾಡಿಗೆದಾರರ ಕಣ್ಣಿಗೆ ಬೀಳದ ದೊಡ್ಡ ದೋಷವನ್ನು ಮಾಲೀಕರು ಮೊದಲೇ ತಿಳಿಸಬೇಕು. ತಾವು ಮಾಡಿಸಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟ ಮೇಲೂ ಸಮಂಜಸ ಸಮಯದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ, ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಕರಾರಿನಲ್ಲಿ ಬೇರೆ ಷರತ್ತಿದ್ದರೆ ಅದೇ ಮುಂದಾಗುತ್ತದೆ. ಹಾಗಾಗಿ ವಕೀಲರನ್ನು ಕೇಳದೆ ಬಾಡಿಗೆ ಮುರಿಯಬೇಡಿ.

11 ತಿಂಗಳ ಕರಾರಿಗೆ ಸಹಿ ಹಾಕುವ ಮುನ್ನ “ಸೋರಿಕೆ, ತೇವದ ದುರಸ್ತಿ ಮಾಲೀಕರದ್ದು” ಎಂಬ ಒಂದು ಸಾಲು ಸೇರಿಸಿಕೊಳ್ಳಿ. ಕೆಳಗಿನ ಎರಡಡಿಗೆ ಮಾತ್ರ ಹೊಸ ಬಣ್ಣ ಬಳಿದ ಗೋಡೆ ಕಂಡರೆ ಕಾರಣ ಕೇಳಿ. ಈಗಾಗಲೇ ಅಲ್ಲಿದ್ದರೆ ದಿನಾಂಕ ಸಹಿತ ಫೋಟೋ ತೆಗೆದು, ಪ್ಲಾಸ್ಟಿಕ್ ಪರೀಕ್ಷೆಯ ಫಲಿತಾಂಶದೊಂದಿಗೆ ಮಾಲೀಕರಿಗೆ ಬರಹದಲ್ಲೇ ಕಳಿಸಿ. ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಹಣ ಮುರಿಯುವ ಮಾತು ಬಂದರೆ ಅದೇ ನಿಮ್ಮ ದಾಖಲೆ.

ಬ್ಲೀಚ್–ವಿನೆಗರ್ ಸಂದೇಶ ನಿಮ್ಮ ಗುಂಪಿಗೂ ಬಂದಿದ್ದರೆ, ಅದನ್ನು ಮುಂದೆ ಕಳಿಸಬೇಡಿ. ಬದಲಿಗೆ ಈ ಪ್ಲಾಸ್ಟಿಕ್ ಹಾಳೆಯ ಉಪಾಯ ಕಳಿಸಿ.